ಡಿಶ್ಶಿಗೆ ಅಡ್ಡ ಬಂದ ಮಾವು

“ಆ ಕೊಡ್ಲಿ ಕೆಳಗಿಡು ಚಿಕ್ಕಪ್ಪ. ಅಪ್ಪ ಬದ್ಕಿದ್ದಾಗ ಒಂದು ಕೊಂಬೆ ಕಡಿ ಅಂದ್ರೆ ನಿಂಗೆ ಕೈ ಏಳ್ಲಿಲ್ಲ. ಈಗ ಅಂವನ್ನ ಸುಡೂಕೆ ಇಡೀ ಮರ ಕಡಿಯೂಕೆ ಬಂದ್ಯಾ?”

ಸುಕ್ರ ತಿರುಗಿ ನೋಡಲಿಲ್ಲ. ಮಾವಿನ ಬುಡಕ್ಕೆ ಇನ್ನೊಂದು ಏಟು ಹಾಕಿದ. ಚಕ್ಕೆ ಹಾರಿ ಭಾರತಿಯ ಕಾಲ ಹತ್ತಿರ ಬಿತ್ತು.

ಅವಳು ದೇವಬಾಗದಿಂದ ಬೆಳಗಿನ ಬಸ್ಸಿಗೆ ಹೊರಟು, ಕಾರವಾರದಲ್ಲಿ ಇಳಿದು, ಅಂಕೋಲೆಯಲ್ಲಿ ಮತ್ತೊಂದು ಬಸ್ಸು ಹತ್ತಿ ಮಂಜಗುಣಿಗೆ ಬಂದು ಮುಟ್ಟಿದ್ದೇ ಆಗಷ್ಟೆ. ಚೀಲ ಇನ್ನೂ ಹೆಗಲ ಮೇಲಿತ್ತು. ಅಂಗಳದಲ್ಲಿ ಅಪ್ಪ ಜಟ್ಟಿಯನ್ನು ಚಾಪೆಯ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ಅವನ ಮುಖ ನೋಡಿದ ಮೇಲೆ ಅಳಬೇಕೆಂದು ದಾರಿಯುದ್ದಕ್ಕೂ ಹಿಡಿದಿಟ್ಟುಕೊಂಡು ಬಂದಿದ್ದ ಅಳು, ಬೇಲಿಯ ಆ ಬದಿಯಲ್ಲಿ ಚಿಕ್ಕಪ್ಪನ ಕೈಯ ಕೊಡಲಿ ಕಂಡದ್ದೇ ಸಿಟ್ಟಾಗಿ ಹೋಯಿತು.

“ಸುಮ್ಗಿರೇ ಭಾರತಿ,” ಎಂದ ಪಕ್ಕದ ಮನೆಯ ನಾಗ. ಮರ ಮನೆಯ ಮೇಲೆ ಬೀಳದಂತೆ ಅವನು ಹಗ್ಗ ಹಿಡಿದು ಜಗ್ಗುತ್ತಿದ್ದ. “ಹೆಣ ಅಂಗಳದಲ್ಲಿ ಅದೆ.”

“ಹೆಣ ಅಂಗಳದಲ್ಲಿರೂದಕ್ಕೇ ಮಾತಾಡೂದು ನಾನು. ಇಲ್ದಿದ್ರೆ ನಂಗೆಂತಕ್ಕೆ ಬೇಕಿತ್ತು ಇವ್ನ ಮರ?”

ತಮ್ಮ ನಿತೇಶ ಹತ್ತಿರ ಬಂದ. ರಾತ್ರಿಯಿಡೀ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿತ್ತು. “ಅಕ್ಕ, ಸುಡೂಕೆ ಮಾವಿನ ಸೌದೆ ಆಗ್ಲೇ ಬೇಕಲ. ನಮ್ಮ ಪಾಲಿನ ಜಾಗದಲ್ಲಿ ಮಾವು ಎಲ್ಲಿ ಅದೆ?”

“ನಿನ್ನ ಗಾಡಿ ಎಂತಕ್ಕದೆ? ಅಂಕೋಲೆಗೆ ಹೋಗಿ ತಾ.”

“ನಾ ಹೊರಟಿದ್ದೆ. ಅಷ್ಟ್ರಲ್ಲಿ ಚಿಕ್ಕಪ್ಪ ಕಡಿಯೂಕೇ ಶುರು ಮಾಡ್ದ. ನಾನೇನೂ ಕೇಳೂಕೆ ಹೋಗ್ಲಿಲ್ಲ.”

ಸುಕ್ರ ಆಗ ಬಾಯಿ ಬಿಟ್ಟ. ಮರಕ್ಕೇ ಹೇಳಿದಂತೆ ಹೇಳಿದ. “ಇದು ಅವ್ವ ನೆಟ್ಟದ್ದು. ಅವ್ಳ ಹಿರೇ ಮಗಂಗಲ್ದೆ ಮತ್ಯಾರಿಗೆ?”

“ಅವ್ಳ ಹಿರೇ ಮಗ ಬದ್ಕಿದ್ದಾಗ ಈ ಮಾತು ಎಲ್ಲಿ ಹೋಗಿತ್ತು?” ಭಾರತಿಯ ದನಿ ಕೇರಿಗೆಲ್ಲ ಕೇಳುವಷ್ಟು ಏರಿತು. “ನೀನೇ ಸಾಯ್ಸಿದ್ದು ಅಂವನ್ನ. ಟಿವಿಯಲ್ಲಿ ಆ ನಿಂತ ಚಿತ್ರ ನೋಡ್ತಾ ನೋಡ್ತಾ ಸತ್ತ ನನ್ನ ಅಪ್ಪ.”

ಕೊಡಲಿ ಮೇಲೆ ಎದ್ದದ್ದು ಅಲ್ಲೇ ನಿಂತಿತು. ಅಂಗಳದಲ್ಲಿ ಕೂತವರು ತಲೆ ತಗ್ಗಿಸಿದರು. ಜಗಲಿಯ ಮೂಲೆಯಿಂದ ಅವಳ ತಾಯಿ ಗಂಗಮ್ಮ ಹೇಳಿದಳು, “ಕಡೀಲಿ ಬಿಡೇ. ಇನ್ನು ಸೌದೆ ತರೂಕೆ ಹೋದ್ರೆ ಹೊತ್ತು ಬೀಳ್ತದೆ.”

ಕೊಡಲಿ ಕೆಳಗಿಳಿಯಿತು.

*

ಈ ಮರದ ಸುದ್ದಿ ಹೇಳಬೇಕೆಂದರೆ ಹಳೆಯ ಅಂಟೆನಾದಿಂದಲೇ ಹೇಳಬೇಕು.

ಕೇರಿಗೆಲ್ಲ ಮೊದಲು ಟಿವಿ ತಂದವರು ಜಟ್ಟಿ, ಸುಕ್ರ ಅಣ್ಣತಮ್ಮಂದಿರು. ಇಬ್ಬರೂ ಹೊಳೆದಂಡೆಯ ಗಜನಿ ಗದ್ದೆಯಲ್ಲಿ ಕೂಲಿ ಮಾಡುವವರು. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟೆಗೆ ಮಣ್ಣು ಹಾಕುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂಬ ಹೆಸರಿತ್ತು. ಇಬ್ಬರೂ ಸೇರಿ ಒಂದು ಹಳೆಯ ಟಿವಿ ತಂದು ಅಣ್ಣನ ಮನೆಯಲ್ಲಿ ಇಟ್ಟರು. ಉದ್ದ ಬಿದಿರಿನ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಅಂಟೆನಾ ಕಟ್ಟಿ ಮನೆಯ ಮಾಡಿಗೆ ಆನಿಸಿದರು.

ಗಾಳಿ ಬೀಸಿದರೆ ಅಂಟೆನಾ ತಿರುಗುತ್ತಿತ್ತು. ಕಾಗೆ ಕೂತರೂ ತಿರುಗುತ್ತಿತ್ತು. ಆಗ ಸುಕ್ರ ಹೊರಗೆ ಬಿದಿರು ಹಿಡಿದು ನಿಲ್ಲಬೇಕು, ಜಟ್ಟಿ ಒಳಗೆ ಟಿವಿಯ ಮುಂದೆ ಕೂರಬೇಕು, ಬಾಗಿಲಲ್ಲಿ ಲಂಗ ತೊಟ್ಟ ಭಾರತಿ ನಿಂತು ಒಳಗಿನ ಮಾತನ್ನು ಹೊರಗೆ ದಾಟಿಸಬೇಕು.

“ಬಂತನು.”

“ಬಂತಂತೆ ಚಿಕ್ಕಪ್ಪ.”

“ಹೋಯ್ತನು. ಸ್ವಲ್ಪ ಹಿಂದಕ್ಕೆ ತಿರ್ಗಿಸೂಕೆ ಹೇಳು.”

“ಹಿಂದಕ್ಕಂತೆ.”

“ಯಾವ ಹಿಂದಕ್ಕೆ ಕೇಳು. ಗೋವೆ ಬದಿಗಾ, ಕುಮಟೆ ಬದಿಗಾ?”

ಪೂರ್ತಿ ಚೊಕ್ಕ ಚಿತ್ರ ಒಂದು ದಿನವೂ ಬಂದದ್ದಿಲ್ಲ. ಅಕ್ಕಿಯ ನುಚ್ಚು ಚೆಲ್ಲಿದಂತೆ ಪರದೆಯ ತುಂಬ ಚುಕ್ಕೆ. ಅದರ ಹಿಂದೆ ಯಾರೋ ಹಾಡುತ್ತಿದ್ದರು, ಯಾರೋ ಚೆಂಡು ಹೊಡೆಯುತ್ತಿದ್ದರು. ಮಾವಿನ ಮರ ಆಗಲೂ ಇತ್ತು, ಅಡ್ಡವೂ ಬರುತ್ತಿತ್ತು, ಆದರೆ ಅದು ಬಿಟ್ಟಷ್ಟು ಚಿತ್ರ ಸಾಕಾಗುತ್ತಿತ್ತು. ಎರಡೂ ಮನೆಯವರು ಒಂದೇ ಚಾಪೆಯ ಮೇಲೆ ಕೂತು ನೋಡುತ್ತಿದ್ದರು.

ಮುಂದೆ ಜಾಗ ಪಾಲಾಯಿತು. ಮಾವು ಸುಕ್ರನ ಪಾಲಿಗೆ ಬಂತು. ಅದಕ್ಕೆ ಜಗಳವೇನೂ ಆಗಲಿಲ್ಲ. ಜಗಳ ಬಂದದ್ದು ಅಂಟೆನಾಕ್ಕೆ ಸಿಗ್ನಲ್ ಕೊಡುತ್ತಿದ್ದ ಹಳೆಯ ಟವರು ಮುಚ್ಚಿದ ಮೇಲೆ. ಒಂದು ಸಂಜೆ ಅಂಟೆನಾದಲ್ಲಿ ಚುಕ್ಕೆ ಬಿಟ್ಟು ಬೇರೇನೂ ಬರಲಿಲ್ಲ. ಜಟ್ಟಿ ಬಿದಿರಿಗೆ ಇನ್ನೊಂದು ಬಿದಿರು ಕಟ್ಟಿ ಎತ್ತರ ಮಾಡಿದ. ಬೂಸ್ಟರ್ ತಂದು ಸಿಕ್ಕಿಸಿದ. ಟವರೇ ಇಲ್ಲದ ಮೇಲೆ ಬಿದಿರು ಆಕಾಶ ಮುಟ್ಟಿದರೂ ಏನು ಬರುತ್ತದೆ? ಕೊನೆಗೆ ಅಂಕೋಲೆಯ ರೂಪೇಶ ಬಂದು ಮುಂದಿನ ಮಾಡಿನ ಮೂಲೆಗೆ ಒಂದು ಡಿಶ್ ಕೂರಿಸಿ, ಟಿವಿಗೆ ಒಂದು ಬಾಕ್ಸ್ ಜೋಡಿಸಿ ಹೋದ.

ಆಗ ಚಿತ್ರ ಬಂತು. ಕನ್ನಡಿಯಂಥ ಚಿತ್ರ. ಆದರೆ ಗಾಳಿಗೆ ಮಾವಿನ ಕೊಂಬೆ ಡಿಶ್ಶಿನ ಮುಂದೆ ಬಂದ ಕೂಡಲೇ ಮನುಷ್ಯರ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಮಳೆಗಾಲದಲ್ಲಂತೂ ಬಾತ್ಮಿ ಓದುವವಳು ಅರ್ಧ ಶಬ್ದಕ್ಕೇ ಕಲ್ಲಾಗುತ್ತಿದ್ದಳು. ನಿತೇಶ ಕಾರವಾರದಿಂದ ದೊಡ್ಡ ಡಿಶ್ ತಂದು ಹಾಕಿದ. ಎಲೆಗೆ ದೊಡ್ಡದು ಸಣ್ಣದು ಎಂಬ ಭೇದ ಇರಲಿಲ್ಲ.

ಜಟ್ಟಿ ಬೇಲಿಯ ಹತ್ತಿರ ಹೋಗಿ, “ಸುಕ್ರಾ, ಆ ಒಂದು ಕೊಂಬೆ ತೆಗಿಯಾ,” ಎಂದ.

“ಅವ್ವನ ಮರಕ್ಕೆ ನಾ ಕತ್ತಿ ಮುಟ್ಸೂದಿಲ್ಲ,” ಎಂದ ಸುಕ್ರ.

“ಹಂಗಾರೆ ಇವತ್ತಿಂದ ನಂಗೂ ನಿಂಗೂ ಮಾತಿಲ್ಲ.”

“ಇಲ್ದಿದ್ರೆ ಬ್ಯಾಡ.”

ಅಷ್ಟೆ. ಅಂದಿನಿಂದ ಸುಕ್ರ ಅಣ್ಣನ ಅಂಗಳಕ್ಕೆ ಕಾಲಿಡಲಿಲ್ಲ. ಅವನ ಹೆಂಡತಿ ತೀರಿಕೊಂಡಾಗ ಜಟ್ಟಿ ಹೋಗಿ ಹೆಣಕ್ಕೆ ಹೆಗಲು ಕೊಟ್ಟು ಬಂದ, ಬಾಯಿ ತೆರೆಯಲಿಲ್ಲ. ಅಪ್ಪನ ಮುಪ್ಪಿನ ಒಂದೇ ಒಂದು ಸುಖಕ್ಕೆ ಚಿಕ್ಕಪ್ಪ ಕಲ್ಲು ಹಾಕಿದ ಎಂದು ಭಾರತಿ ಗಂಡನ ಮನೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದಳು.

*

ಮರ ಬಿತ್ತು. ಈ ಬದಿಗೆ ಚಾಚಿದ್ದ ಕೊಂಬೆಯಿಂದ ಬೇಲಿಯನ್ನು ಮುರಿದು, ಸುಕ್ರನ ಅಂಗಳದ ತುಂಬ ಎಲೆ ಹರಡಿ ಮಲಗಿತು. ಆ ಕ್ಷಣಕ್ಕೆ ಜಟ್ಟಿಯ ಜಗಲಿಯ ಮೇಲೆ ಎಂದೂ ಬೀಳದ ಬಿಸಿಲು ಬಿತ್ತು. ಕೂತಿದ್ದ ಹೆಂಗಸರು ಕಣ್ಣಿಗೆ ಕೈ ಅಡ್ಡ ಹಿಡಿದರು.

“ಇನ್ನು ಟಿವಿ ಚೊಲೋ ಬರ್ತದೆ ಬಿಡು,” ಎಂದಿತು ಹಿಂದಿನಿಂದ ಒಂದು ದನಿ. ಯಾರೋ ಅದಕ್ಕೆ ಶ್ಶ್ ಎಂದರು.

ಭಾರತಿ ಅಪ್ಪನ ಕಾಲ ಹತ್ತಿರ ಕೂತಳು. ಗಂಗಮ್ಮ ಫೋನಿನಲ್ಲಿ ಹೇಳಿದ್ದನ್ನೇ, ಬಂದವರಿಗೆಲ್ಲ ಹೇಳಿದ್ದನ್ನೇ ಮಗಳಿಗೆ ಮತ್ತೊಮ್ಮೆ ಹೇಳಿದಳು.

“ನಿನ್ನೆ ಸಂಜಿಗೆ ಬಾತ್ಮಿ ನೋಡ್ತಾ ಕೂತಿದ್ರು. ನಾ ಅಕ್ಕಿ ಆರಿಸ್ತಾ ಇದ್ದೆ. ಚಿತ್ರ ನಿಂತೇ ಹೋಗಿತ್ತು. ಇವ್ರು ನೋಡ್ತಾನೇ ಇದ್ರು. ಅದು ಮತ್ತೆ ಶುರು ಆಗೂದನ್ನ ಕಾಯ್ತಾ ಇದ್ರೇನೋ ಅಂದ್ಕಂಡೆ. ಎಷ್ಟೊತ್ತು ನೋಡ್ತ್ರಿ ಅದ್ನೇ, ಉಣ್ಣೂಕೆ ಏಳಿ ಅಂದೆ. ಬೈದೂ ಬೈದೆ. ಆಮೇಲೆ ಚಿತ್ರ ಬಂತು. ಇವ್ರು ಹಂಗೇ ಇದ್ರು.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೊದ್ಲು ಟಿವಿ ನಿಂತದ್ದಾ, ಇವ್ರು ನಿಂತದ್ದಾ, ನಂಗೆ ಗೊತ್ತೇ ಆಗ್ಲಿಲ್ಲ ಮಗಾ.”

ಚಟ್ಟ ಎದ್ದಾಗ ಭಾರತಿಗೆ ಕೊನೆಗೂ ಅಳು ಬಂತು. ಗಂಡಸರು ಹೊಳೆಯ ದಿಕ್ಕಿಗೆ ನಡೆದರು. ಹೆಗಲು ಕೊಟ್ಟವರಲ್ಲಿ ಸುಕ್ರ ಇರಲಿಲ್ಲ. ಅವನು ಎಲ್ಲರಿಗಿಂತ ಹಿಂದೆ, ತಲೆಯ ಮೇಲೆ ಮಾವಿನ ಸೌದೆಯ ಹೊರೆ ಹೊತ್ತು, ಯಾರ ಜೊತೆಗೂ ಮಾತಿಲ್ಲದೆ ಹೋಗುತ್ತಿದ್ದ. ಹಸಿ ಸೌದೆ. ಅದರ ಸೊನೆ ಕುತ್ತಿಗೆಗೆ ಇಳಿದಿತ್ತು.

ಡಿಶ್ ಹಾಕಿದ್ದ ರೂಪೇಶ ಬಂದಾಗ ಅಂಗಳ ಸಾರಿಸಿ ಆಗಿತ್ತು. ಬೈಕು ನಿಲ್ಲಿಸಿ ಟೊಪ್ಪಿ ತೆಗೆದು, “ಹೊತ್ತಾಗಿ ಹೋಯ್ತು ಅಕ್ಕ, ಗೊತ್ತಾದದ್ದೇ ಈಗ,” ಎಂದ. ಜಗಲಿಯ ಮೇಲೆ ಕೂತು ಎರಡು ಮಾತು ಹೇಳಿದ. ಆಮೇಲೆ ರೂಢಿಯಂತೆ ಅವನ ಕಣ್ಣು ಮಾಡಿನ ಮೇಲಿನ ಡಿಶ್ಶಿಗೆ ಹೋಯಿತು. ಅಲ್ಲಿಂದ ಆಗ್ನೇಯಕ್ಕೆ, ಮರ ಇದ್ದ ಕಡೆಗೆ.

“ಅರೇ, ಮಾವು ಎಲ್ಲಿ?”

“ಅಪ್ಪನ ಮೇಲೆ ಹೋಯ್ತು,” ಎಂದಳು ಭಾರತಿ. “ಈಗ ಸಮಾಧಾನ ಆಗಿರ್ಬೇಕು ಆ ಮನುಷ್ಯಂಗೆ. ಒಂದು ಕೊಂಬೆ ಕೊಡ್ಲಿಲ್ಲ ಬದ್ಕಿದ್ದಾಗ.”

ರೂಪೇಶ ಟೊಪ್ಪಿ ಪಕ್ಕಕ್ಕಿಟ್ಟ. “ಅಕ್ಕ, ಸಿಟ್ಟು ಮಾಡ್ಬ್ಯಾಡಿ. ಕೊಂಬೆ ಕಡಿಯೂ ಜರೂರೇ ಇರ್ಲಿಲ್ಲಾಗಿತ್ತು.”

“ಅಂದ್ರೆ?”

“ಹಳೆ ಅಂಟೆನಾ ಅರ್ಧ ಸಿಗ್ನಲ್ ಬಂದ್ರೂ ಅರ್ಧ ಚಿತ್ರ ತೋರಿಸ್ತಿತ್ತು. ಡಿಜಿಟಲ್ ಹಂಗಲ್ಲ. ಬಂದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ. ಡಿಶ್ ದೊಡ್ಡದು ಮಾಡಿದ್ರೆ ಉಪಯೋಗ ಇಲ್ಲ, ಅದ್ರ ಮುಂದೆ ಆಕಾಶ ಖಾಲಿ ಇರ್ಬೇಕು ಅಷ್ಟೇ.” ಅವನು ಎದ್ದು ಮನೆಯ ಹಿಂದಕ್ಕೆ ಕೈ ತೋರಿಸಿದ. “ನಿಮ್ಮ ಕೊಟ್ಟಿಗೆ ಮಾಡು ಅದೆಯಲ, ಅಲ್ಲಿ ಹಾಕಿದ್ರೆ ಮರ ಅಡ್ಡನೇ ಬತ್ತಿರ್ಲಿಲ್ಲ. ಸ್ವಲ್ಪ ಕೇಬಲ್ ಜಾಸ್ತಿ ಬೇಕಾಗ್ತಿತ್ತು. ನಾ ಮೊದಲ್ನೇ ಮಳಿಗಾಲಕ್ಕೇ ಹೇಳಿದ್ದೆ ಜಟ್ಟಣ್ಣಂಗೆ.”

“ಅಪ್ಪ ಎಂತ ಅಂದ?”

“ಬ್ಯಾಡ, ಅಲ್ಲೇ ಇರ್ಲಿ ಅಂದ್ರು. ದುಡ್ಡಿಗೆ ಹೆದರ್ತ್ರೇನೋ ಅಂತ, ನನ್ನ ಹತ್ರ ಉಳ್ದ ಕೇಬಲ್ ಅದೆ, ಪುಕ್ಕಟೆ ಹಾಕ್ತೆ ಅಂದೆ. ಆಗ ನನ್ನ ಮೇಲೇ ಏರಿ ಬಂದ್ರು. ನನ್ನ ಡಿಶ್ಶು, ನನ್ನ ಮಾಡು, ನಿಂಗೆಂತ ಅಂತ. ಆಮೇಲೆ ನಾ ಆ ಮಾತು ತೆಗೀಲಿಲ್ಲ.”

ಭಾರತಿ ಕೊಟ್ಟಿಗೆಯ ಮಾಡು ನೋಡಿದಳು. ಅದರ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಎಂದೂ ಇರಲಿಲ್ಲ. ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದಿತ್ತು.

“ಆಯಿ, ನಿಂಗೆ ಗೊತ್ತಿತ್ತಾ?”

ಗಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. “ನಂಗೆಂತ ಗೊತ್ತಾಗ್ತದೆ ಡಿಶ್ಶಿಂದು,” ಎಂದಳು. “ಟಿವಿ ನಿಂತದ್ದೇ ಎದ್ದು ಹೊರಗೆ ಹೋಗ್ತಿದ್ರು. ಹೋಗೂಕೆ ಚಪ್ಪಲಿ ಮೊದ್ಲೇ ಬಾಗ್ಲಲ್ಲಿ ತಿರ್ಗಿಸಿಟ್ಟಿರ್ತಿದ್ರು.”

*

ಹಿಂದೊಂದು ಬೇಸಿಗೆಯಲ್ಲಿ ತವರಿಗೆ ಬಂದಾಗ ಭಾರತಿ ಅದನ್ನು ಕಣ್ಣಾರೆ ಕಂಡಿದ್ದಳು. ಸಂಜೆ. ಟಿವಿಯಲ್ಲಿ ಮಂತ್ರಿಯೊಬ್ಬ ಬೆರಳೆತ್ತಿದಲ್ಲೇ ನಿಂತಿದ್ದ. ಜಟ್ಟಿ ಅಂಗಳಕ್ಕಿಳಿದು, ಸೊಂಟದ ಮೇಲೆ ಕೈಯಿಟ್ಟು, ಮಾವಿನ ಮರಕ್ಕೆ ಬೈಯಲು ಶುರು ಮಾಡಿದ.

“ಏ ಮಾವೇ, ನಿಂಗೆ ನಾಚ್ಕೆ ಇಲ್ವಾ? ಬಾತ್ಮಿ ಅರ್ಧಕ್ಕೇ ತಡ್ದೆಯಲ.”

ಬೇಲಿಯ ಆಚೆ, ಕತ್ತಲಾಗುತ್ತಿದ್ದ ಜಗಲಿಯಿಂದ ಸುಕ್ರನ ದನಿ ಬಂತು. “ಏ ಮಾವೇ, ಕೆಲವ್ರಿಗೆ ಬಾತ್ಮಿ ನೋಡಿ ಎಂತ ಆಗ್ಬೇಕಾಗದೆ ಕೇಳು. ಗಜನಿ ಕಟ್ಟೆ ತೂತು ಬಿದ್ದದೆ, ಅದ್ನ ನೋಡೂಕೆ ಹೇಳು.”

“ಕಟ್ಟೆ ತೂತು ಬಿದ್ದದ್ದು ನಂಗೂ ಗೊತ್ತದೆ ಅಂತ ಹೇಳು ಮಾವೇ. ನಾಳೆ ಮಣ್ಣು ಹಾಕೂಕೆ ಹೋಗೂನೇ ನಾನು.”

“ಒಬ್ನೇ ಹೋಗೂದು ಬ್ಯಾಡ ಅಂತ ಹೇಳು. ಆ ಮಂಡಿ ಇಟ್ಕಂಡು ಕೆಸ್ರಿಗೆ ಇಳಿದ್ರೆ ಎತ್ತೂಕೆ ನಾಲ್ಕು ಜನ ಬೇಕಾಗ್ತದೆ.”

“ನನ್ನ ಮಂಡಿ ಸುದ್ದಿ ಯಾರಿಗೂ ಬ್ಯಾಡ. ರಾತ್ರಿ ಕೆಮ್ಮಿ ಕೆಮ್ಮಿ ಕೇರಿ ಎಬ್ಬಿಸುವವ್ರು ಮೊದ್ಲು ಔಷಧ ತಕಳ್ಳಲಿ ಅಂತ ಹೇಳು.”

ಹೀಗೇ ಬಹಳ ಹೊತ್ತು ನಡೆಯಿತು. ಮೀನಿನ ಮಾತು ಬಂತು, ನಾಗನ ಮಗಳ ಮದುವೆಯ ಮಾತು ಬಂತು. ಒಳಗೆ ಟಿವಿಯಲ್ಲಿ ಮಂತ್ರಿ ಯಾವಾಗಲೋ ಬೆರಳಿಳಿಸಿ ಮಾತು ಮುಗಿಸಿದ್ದ. ಯಾರೂ ನೋಡುವವರಿರಲಿಲ್ಲ. ಭಾರತಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಕೇರಿಯವರು ಕೇಳಿ ನಗುತ್ತಾರೆಂದು ಕಿಟಕಿ ಹಾಕಿದಳು. ಮರುದಿನ ಅಪ್ಪ ಕಟ್ಟೆಯ ಈ ತುದಿಗೆ, ಚಿಕ್ಕಪ್ಪ ಆ ತುದಿಗೆ ಮಣ್ಣು ಹಾಕುತ್ತಿದ್ದರು. ಮರವಿಲ್ಲದ ಬಯಲಿನಲ್ಲಿ ಇಬ್ಬರೂ ಮೂಕರು.

ಹುಚ್ಚು ಮುದುಕರು ಎಂದುಕೊಂಡು ಅವಳು ಬಸ್ಸು ಹತ್ತಿದ್ದಳು.

*

ಸುಡುಗಾಡಿನಿಂದ ಗಂಡಸರು ಮರಳಿದಾಗ ಹೊತ್ತು ಇಳಿದಿತ್ತು. ಸೂತಕದ ಮನೆಯಲ್ಲಿ ಅಡುಗೆಯ ಒಲೆ ಹಚ್ಚುವಂತಿಲ್ಲ. ನಾಗನ ಮನೆಯಿಂದ ಗಂಜಿ ಬಂದಿತ್ತು. ಆದರೆ ಮೀಯದೆ ಯಾರೂ ಒಳಗೆ ಬರುವ ಹಾಗಿಲ್ಲವಾದ್ದರಿಂದ ಭಾರತಿ ಹಿತ್ತಲ ಬಚ್ಚಲ ಹಂಡೆಗೆ ನೀರು ತುಂಬಿ ಬೆಂಕಿ ಹಾಕಿದ್ದಳು. ಒಬ್ಬೊಬ್ಬರೇ ಮಿಂದು ಹೋದರು. ನಿತೇಶ ಬೋಳು ತಲೆಯ ಮೇಲೆ ಎರಡು ಚೊಂಬು ಸುರಿದುಕೊಂಡು ನಡುಗುತ್ತಾ ಒಳಗೆ ಹೋದ.

ಅವಳು ಕಾಯುತ್ತಿದ್ದದ್ದು ಚಿಕ್ಕಪ್ಪನಿಗೆ. ಬೆಳಿಗ್ಗೆ ಆಡಿದ ಮಾತಿಗೆ ತಪ್ಪಾಯ್ತು ಅನ್ನಬೇಕೋ ಬೇಡವೋ ಅದೇ ತಿಳಿಯದು. ಅಪ್ಪನ ಮೇಲೆ ಸಿಟ್ಟು ಮಾಡಬೇಕೋ, ಸತ್ತವನ ಮೇಲೆ ಎಂಥ ಸಿಟ್ಟು? ಇವನು ಮಿಂದು, ಉಂಡು, ಇಷ್ಟು ವರ್ಷದ ಮೇಲೆ ಒಂದು ಸಲ ಈ ಮನೆಯ ಒಳಗೆ ಕೂತರೆ ಸಾಕು, ಉಳಿದದ್ದು ಆಮೇಲೆ ನೋಡಿಕೊಳ್ಳಬಹುದು ಎನ್ನಿಸಿತ್ತು.

ಸುಕ್ರ ಬಂದವನು ಬೇಲಿಯ ಆಚೆಯೇ, ಕಡಿದುಳಿದ ಕೊಂಬೆಯೊಂದರ ಮೇಲೆ ಕೂತಿದ್ದ.

“ಚಿಕ್ಕಪ್ಪ, ನೀರು ಕಾದದೆ. ಬಾ.”

“ಉಳ್ದವ್ರು ಮೀಯ್ಲಿ.”

“ಎಲ್ರದ್ದೂ ಆಯ್ತು. ನಿಂದೇ ಬಾಕಿ.”

ಅವನು ಏಳಲಿಲ್ಲ. ಭಾರತಿ ಮುರಿದ ಬೇಲಿ ದಾಟಿ ಹತ್ತಿರ ಹೋದಳು.

“ರೂಪೇಶ ಬಂದಿದ್ದ. ಕೊಟ್ಟಿಗೆ ಮಾಡಿಗೆ ಡಿಶ್ ಹಾಕಿದ್ರೆ ಮರದ ತಂಟೆನೇ ಇರ್ಲಿಲ್ಲಾಗಿತ್ತಂತೆ. ಅಪ್ಪಗೆ ಗೊತ್ತಿತ್ತಂತೆ.”

“ಹ್ಞೂಂ,” ಎಂದ ಸುಕ್ರ. “ನಂಗೂ ಹೇಳಿದ್ದ ಅಂವ.”

“ಯಾವಾಗ?”

“ಆ ವರ್ಷವೇ. ನೀವೇ ಅಣ್ಣಂಗೆ ಹೇಳಿ ಒಪ್ಪಿಸಿ ಅಂದ.”

“ಮತ್ತೆ?”

“ಮತ್ತೆಂತದು?”

“ಮತ್ತೆ ಇಷ್ಟು ವರ್ಷ ಎಂತಕ್ಕೆ ಜಗಳ ಮಾಡ್ಕಂಡು ಕೂತ್ರಿ ಇಬ್ರೂ?”

ಸುಕ್ರ ಮೊದಲ ಸಲ ಅವಳ ಮುಖ ನೋಡಿದ. ಅವಳು ಕೇಳಿದ್ದೇ ಅವನಿಗೆ ಅರ್ಥವಾಗದ ಹಾಗೆ ನೋಡಿದ. “ಜಗಳ ಎಲ್ಲಿ ಮಾಡಿದ್ವು,” ಎಂದ. “ದಿನಾ ಮಾತಾಡ್ತಿದ್ವಲ.”

ಹೊಳೆಯ ಕಡೆಯಿಂದ ಹೊಗೆಯ ವಾಸನೆ ಬರುತ್ತಿತ್ತು.

“ಹಂಗಾರೆ ಮರ ಎಂತಕ್ಕೆ ಕಡ್ದೆ? ಬೇರೆ ಸೌದೆ ಸಿಗ್ತಿತ್ತು.”

“ಅಂವಂಗೆ ಕೊಡೂಕೆ ನನ್ನ ಹತ್ರ ಬೇರೆಂತ ಇತ್ತು?”

“ಬೆಳಿಗ್ಗೆ ನಾ ಹೇಳಿದ್ದು, ಚಿಕ್ಕಪ್ಪ...”

“ಬಿಡು.” ಅವನು ಎದ್ದ. ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡ. “ಹೊಳೆಯಲ್ಲೇ ಮೀಯ್ತೆ. ಅಭ್ಯಾಸ ಅದೆ ನಂಗೆ.”

“ಮಿಂದ್ಕಂಡು ಬಾ ಹಂಗಾರೆ. ಗಂಜಿ ಇಟ್ಕಂಡಿರ್ತೆ. ಆಯಿನೂ ಉಣ್ಲಿಲ್ಲ.”

“ಹ್ಞೂಂ. ಬತ್ತೆ.”

ಅವನು ಬುಡದ ಕೊರಡನ್ನು ಬಳಸಿಕೊಂಡು, ತನ್ನ ಮನೆಯ ಮುಂದೆಯೇ ಹಾದು, ಬಾಗಿಲ ಕಡೆಗೆ ಕತ್ತು ಕೂಡ ತಿರುಗಿಸದೆ, ಗಜನಿ ಕಟ್ಟೆಯ ಮೇಲೆ ಇಳಿದು ಹೋದ.

ಭಾರತಿ ಬಚ್ಚಲಿಗೆ ಮರಳಿದಳು. ಹೊಳೆಯ ತಣ್ಣೀರಲ್ಲಿ ಮಿಂದು ಬಂದ ಮುದುಕನಿಗೆ ಕಾಲಿಗಾದರೂ ಬಿಸಿನೀರು ಬೇಕಾದೀತು. ಒಲೆಗೆ ತೆಂಗಿನ ಒಣ ಮಡಲು ದೂಡಿದಳು. ಎರಡು ಸಲ ಹಿತ್ತಲ ತುದಿಗೆ ಹೋಗಿ ಕಟ್ಟೆಯತ್ತ ನೋಡಿ ಬಂದಳು.

ದೀಪ ಹಚ್ಚುವ ಹೊತ್ತಿಗೆ ನಾಗ ಬಂದ. ಒಳಗೆ ಬರದೆ ಬಚ್ಚಲ ಹತ್ತಿರವೇ ನಿಂತ.

“ಸುಕ್ರಣ್ಣ ಎಲ್ಲಿಗೆ ಹೊರಟದ್ದು? ಹೊಳೆ ದಾಟೂ ತಾರಿಯಲ್ಲಿ ಸಿಕ್ಕಿದ್ದ. ಕಡೇ ದೋಣಿಗೆ ಆಚೆ ದಡಕ್ಕೆ ಹೋದ. ಒದ್ದೆ ಪಂಚೆಯಲ್ಲೇ ಕೂತಿದ್ದ.”

“ಗಂಜಿಗೆ ಬತ್ತೆ ಅಂದಿದ್ದ.”

“ನನ್ನ ಹತ್ರ ಬೇರೇನೇ ಅಂದ ಮಾರಾಯ್ತಿ. ನನ್ನ ಕೋಳಿ ಇನ್ನು ನೀನೇ ಸಾಕ್ಕ ಅಂದ. ಎಷ್ಟು ದಿನಕ್ಕಾ ಅಂತ ಕೇಳ್ದೆ. ಇಟ್ಕ ಅಂದೆಯಲ, ಇಟ್ಕ ಅಂದ.” ನಾಗ ತಲೆ ಕೆರೆದುಕೊಂಡ. “ಆ ಬದಿಗೆ ಅಂವಂಗೆ ಯಾರಿದ್ರು?”

ಯಾರೂ ಇರಲಿಲ್ಲ. ಭಾರತಿ ಕತ್ತಲಾದ ಕಟ್ಟೆಯತ್ತ ನೋಡಿದಳು. ನಾಗ ಹೊರಟುಹೋದ.

ಹಂಡೆಯ ನೀರು ಮರಳುತ್ತಿತ್ತು. ಮೇಲಿನ ಮುಚ್ಚಳ ಅಲುಗಾಡಿ ಸದ್ದು ಮಾಡುತ್ತಿತ್ತು.

“ಇನ್ನೂ ಬೆಂಕಿ ಹಾಕ್ತಾನೇ ಇದ್ಯಾ,” ಒಳಗಿನಿಂದ ಗಂಗಮ್ಮ ಕೇಳಿದಳು. “ಮೀಯೂಕೆ ಇನ್ನು ಯಾರಿದ್ರು?”

ಭಾರತಿ ಇನ್ನೊಂದು ಮಡಲು ಮುರಿದು ಒಲೆಯೊಳಗೆ ದೂಡಿದಳು.